ಬೆಕ್ಕು ಅಂಜಿ ಮೈಮ್ಯಾಲ ಬರ್ತದ: ಮನ್ಯಾಗ ಹೆಂಗ ಸಂಭಾಳಿಸೂದು, ದವಾಖಾನಿಗೆ ಹೆಂಗ ಒಯ್ಯೂದು?

ಸಪ್ತಾಪುರದಾಕಿ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಗಂಡು ಬೆಕ್ಕು, ಮೂರು ವರ್ಷ, 4 ಕೆಜಿ, ಸಂತಾನಹರಣ ಆಪರೇಷನ್ ಆಗ್ಯದ. ಮನ್ಯಾಗ ಇನ್ನೊಂದು ಹೆಣ್ಣು ಬೆಕ್ಕೂ ಅದ. ಈ ಗಂಡು ತಾನಾಗಿ ಬಂದು ತೊಡಿ ಮ್ಯಾಲ ಕೂಡ್ತದ, ಎರಡು ನಿಮಿಷ ಸವರಿಸಿಕೊಳ್ತದ, ಆಮ್ಯಾಲ ಒಮ್ಮಿಂದೊಮ್ಮೆಲೆ ಕೈ ಕಡೀತದ. ಎತ್ತಲಿಕ್ಕೆ ಹೋದ್ರಂತೂ ಉಗುರು ಹಾಕ್ತದ. ರೇಬಿಸ್ ಲಸಿಕಿ ತಾರೀಖು ದಾಟಿ ಎರಡು ತಿಂಗಳಾತು. ಅಟ್ಟದ ಮ್ಯಾಲಿಂದ ಪ್ಲಾಸ್ಟಿಕ್ ಪೆಟ್ಟಿಗಿ ಇಳಿಸೋ ಸಪ್ಪಳ ಕೇಳಿದ್ರ ಸಾಕು, ಪಲ್ಲಂಗದ ಕೆಳಗ ಸೇರ್ತದ. ಬಲವಂತ ಮಾಡಿ ಒಯ್ಯೂದೋ, ಮನಿಗೇ ಡಾಕ್ಟರನ್ನ ಕರಸೂದೋ, ಮಂಪರಿನ ಗುಳಿಗಿ ಕೊಡೂದೋ? ತಿಳದವರು ಬಿಡಿಸಿ ಹೇಳ್ರಿ.

ಪಶುವೈದ್ಯ_ಗದಗ

ಅಕ್ಕಾರ, ಗುಳಿಗಿ ಮಾತು ಆಮೇಲೆ ನೋಡೋಣ. ಮೊದಲು ಇದು ನೋವೋ, ಅಂಜಿಕೆಯೋ, ಸಾಕಾಗಿ ಕಡಿಯೋದೋ ಅನ್ನೋದನ್ನ ಬೇರೆ ಬೇರೆ ಮಾಡಿಕೊಳ್ಳಬೇಕು.

ಇಷ್ಟು ದಿನ ಸುಮ್ಮನಿದ್ದ ಬೆಕ್ಕು ಈಗೀಗ ಕಡಿಯಲು ಶುರು ಮಾಡಿದ್ದರೆ ಎಲ್ಲೋ ನೋವಿದೆ ಅಂತಲೇ ಹಿಡಿದು ಹುಡುಕ್ರಿ. ವಸಡು ಉರಿಯೂತ ಚಿಕ್ಕ ವಯಸ್ಸಿನ ಬೆಕ್ಕಿಗೂ ಬರ್ತದೆ: ಬಾಯಿಂದ ಕೆಟ್ಟ ವಾಸನೆ, ಒಂದೇ ಬದಿಯಲ್ಲಿ ಅಗಿಯೋದು, ಹಸಿದು ಓಡಿ ಬಂದು ಬಟ್ಟಲಿನ ಮುಂದೆ ಹಿಂಜರಿಯೋದು. ಹೊರಗಿನ ಬೆಕ್ಕಿನ ಜೊತೆ ಜಗಳ ಆಡಿ ಬಂದಿದ್ದರೆ ಹಲ್ಲಿನ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವು ತುಂಬಿರ್ತದೆ; ಬಾಲದ ಬುಡ, ಕೆನ್ನೆ, ಮುಂಗಾಲು ಮುಟ್ಟಿದಾಗ ಸಿಡಿಯೋದು ಅದಕ್ಕೇ. 10 ವರ್ಷ ದಾಟಿದ ಬೆಕ್ಕಾದರೆ ಸಂದುನೋವು, ಥೈರಾಯ್ಡ್ ಹೆಚ್ಚಾಗಿರೋದು ಎರಡನ್ನೂ ನೋಡಿಸಬೇಕು. ಇನ್ನೊಂದು ಮಾತು, ಗಂಡು ಬೆಕ್ಕು ಇರೋ ಎಲ್ಲರಿಗೂ: ಉಸುಕಿನ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ, ಮೂತ್ರ ಬಾರದೆ ಕೂಗ್ತಿದ್ದರೆ ಅದು ಸಿಡುಕು ಅಲ್ಲ, ಮೂತ್ರನಾಳ ಕಟ್ಟಿರ್ತದೆ. ಒಂದೆರಡು ದಿನದೊಳಗೆ ಜೀವ ಹೋಗ್ತದೆ. ಕಡಿದರೂ ಸರಿ, ಪರಚಿದರೂ ಸರಿ, ಆ ಗಳಿಗೆಯಲ್ಲೇ ಒಯ್ಯಬೇಕು.

ಈಗ ನಿಮ್ಮ "ಒಮ್ಮಿಂದೊಮ್ಮೆಲೆ" ಅನ್ನೋ ಮಾತಿಗೆ ಬರ್ತೇನೆ. ಅದು ಒಮ್ಮೆಲೆ ಆಗೋದಿಲ್ಲ, ಹೇಳಿಯೇ ಕಡೀತದೆ. ತೊಡೆ ಮೇಲೆ ಕೂತಾಗ ಕೈ ನೋಡಬೇಡ್ರಿ, ಬಾಲದ ತುದಿ ನೋಡ್ರಿ. ಮೊದಲು ತುದಿಯ ಒಂದು ಇಂಚು ಮಾತ್ರ ಅತ್ತಿತ್ತ ಅಲುಗ್ತದೆ, ಉಳಿದ ಬಾಲ ಸುಮ್ಮನಿರ್ತದೆ. ಆಮೇಲೆ ಸೊಂಟದ ಮೇಲಿನ ತೊಗಲು, ನೊಣ ಕೂತಾಗ ಆಕಳ ಮೈ ಅದುರ್ತದಲ್ಲ, ಹಾಗೆ ಅದುರ್ತದೆ. ಗುರುಗುರು ಸದ್ದು ನಿಲ್ತದೆ. ಕಿವಿ ಬದಿಗೆ ತಿರುಗ್ತವೆ, ಕಣ್ಣಿನ ಕರಿಬೊಂಬೆ ಅಗಲ ಆಗ್ತದೆ. ಕೊನೆಗೆ ತಲೆ ನಿಮ್ಮ ಕೈ ಕಡೆ ತಿರುಗ್ತದೆ. ಇಷ್ಟೆಲ್ಲ ಆದರೂ ಕೈ ನಿಲ್ಲದಿದ್ದರೆ ಹಲ್ಲು. ಬಾಲದ ತುದಿ ಅಲುಗಿದ ಕೂಡಲೇ ಕೈ ತೆಗೆದು ಸುಮ್ಮನೆ ಕೂತರೆ ಉಳಿದದ್ದು ನಡೆಯೋದೇ ಇಲ್ಲ.

ಸವರೋದು ಗಲ್ಲ, ಗದ್ದ, ಕಿವಿಗಳ ನಡುವೆ ಅಷ್ಟೇ. ಹೊಟ್ಟೆ, ಬಾಲದ ಬುಡ, ಪಾದ ಬೇಡ. ಮೂರು ಸೆಕೆಂಡು ಸವರಿ ಕೈ ತೆಗೀರಿ. ಅದು ತಲೆ ಒತ್ತಿಕೊಂಡು ಬಂದರೆ ಮತ್ತೆ ಮೂರು ಸೆಕೆಂಡು. ಬರದಿದ್ದರೆ ಅವತ್ತಿಗೆ ಅಷ್ಟು ಸಾಕು.

ಉಣಕಲ್_ಕೆರೀ_ದಂಡಿ

ಡಾಕ್ಟರ್ ಸಾಹೇಬರ ಮಾತಿಗೆ ಒಂದು ಸೇರಸ್ತೀನಿ. ಕಡದಾಗ ಕೈ ಜಗ್ಗಬ್ಯಾಡ್ರಿ. ಜಗ್ಗಿದ್ರ ಬೇಟಿ ಓಡಿದಂಗ ಅದಕ್ಕ, ಇನ್ನಷ್ಟು ಬಿಗಿ ಹಿಡೀತದ, ತೊಗಲೂ ಹರೀತದ. ಕೈ ಸಡ್ಲ ಬಿಟ್ಟು, ಒಂದೀಟು ಅದರ ಬಾಯಿ ಕಡೇನ ಒತ್ರಿ, ಬಿಡ್ತದ. ಹೊಡಿಯೂದು, ಮುಖಕ್ಕ ನೀರು ಉಗ್ಗೂದು, ಒದರೂದು ಯಾವುದೂ ಬ್ಯಾಡ. ಬೆಕ್ಕಿಗೆ "ನಾ ಕಡದೆ, ಅದಕ್ಕ ಹೊಡದ್ರು" ಅಂತ ಲೆಕ್ಕ ಹತ್ತೂದಿಲ್ಲ. "ಈ ಕೈ ಬಂದ್ರ ನನಗ ಬ್ಯಾನಿ ಆಗ್ತದ" ಅನ್ನೂದಷ್ಟ ನೆನಪಿನ್ಯಾಗ ಉಳೀತದ. ಮುಂದಿನ ಸಲ ಬಾಲಾ ಅಲುಗಿಸೂದನ್ನೂ ಬಿಟ್ಟು ನೇರ ಕಡೀತದ.

ಮರಿ ಇದ್ದಾಗ ಬೆರಳು ಆಡಿಸಿ ಆಟಾ ಕಲಿಸಿದ ಬೆಕ್ಕುಗಳಿಗೆ ಕೈ ಅಂದ್ರ ಇಲಿ ಇದ್ದಂಗ. ಒಂದು ಕೋಲಿಗೆ ಎರಡು ಅಡಿ ದಾರ, ದಾರಕ್ಕ ಕೋಳಿ ಪುಕ್ಕ ಅಥವಾ ಬಟ್ಟಿ ಚೂರು ಕಟ್ಟಿ, ಮುಂಜಾನಿ 10 ನಿಮಿಷ, ಸಂಜೀಕ 10 ನಿಮಿಷ ಆಡಸ್ರಿ. ಕಡೀಕೊಮ್ಮೆ ಹಿಡಿಯಾಕ ಬಿಡ್ರಿ, ಹಿಡದ ಮ್ಯಾಲ ಊಟಾ ಹಾಕ್ರಿ. ಆಟ ಮುಗದ ಮ್ಯಾಲ ದಾರ ಎತ್ತಿ ಇಡ್ರಿ, ನುಂಗಿದ್ರ ಕರಳಿಗೆ ಸುತ್ತಿಕೊಂಡು ಆಪರೇಷನ್ ಮಾಡೂ ಪಾಳಿ ಬರ್ತದ.

ಗೋಕುಲ_ರೋಡ್_ಬಾಜೂಕ (ಹುಬ್ಬಳ್ಳಿ)

ಪೆಟ್ಟಿಗಿ ವಿಷಯ ನಾ ಬರೀತೀನಿ, ಯಾಕಂದ್ರ ಅರ್ಧಾ ಜಗಳ ಅಲ್ಲೇ ಹುಟ್ಟೂದು.

ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯೂ ಪೆಟ್ಟಿಗಿ ಅಂದ್ರ ಬೆಕ್ಕಿಗೆ ಸೂಜಿ ಬಂತು ಅಂತನ ಅರ್ಥ. ಅದಕ್ಕ ಪೆಟ್ಟಿಗಿ ಅಟ್ಟದ ಮ್ಯಾಲ ಇರಬಾರದು, ಪಡಸಾಲ್ಯಾಗ ಇರಬೇಕು, ವರ್ಷಪೂರ್ತಿ. ತೊಗೊಳ್ಳಾಗ ಮ್ಯಾಲಿನ ಅರ್ಧ ಬಿಚ್ಚಾಕ ಬರೂವಂಥ ಗಟ್ಟಿ ಪ್ಲಾಸ್ಟಿಕ್ಕಿಂದು ತೊಗೊಳ್ರಿ, ಬಾಜೂದಾಗ ಕ್ಲಿಪ್ಪು ಅಥವಾ ನಟ್ಟು ಇರ್ತಾವು. ಮ್ಯಾಲೂ ಒಂದು ಬಾಗ್ಲಾ ಇದ್ರ ಇನ್ನೂ ಚಲೋ. ಬೆಕ್ಕು ಒಳಗ ನಿಂತು ಪೂರ್ತಿ ತಿರುಗೂವಷ್ಟು ಜಾಗಾ ಬೇಕು. ಬಟ್ಟಿ ಬ್ಯಾಗಿನ ನಮೂನೀವು ಬ್ಯಾಡ, ಅಂಜಿದ ಬೆಕ್ಕು ಜಿಪ್ಪು ಹರಕೊಂಡು ಹೊರಗ ಬರ್ತದ.

ಪಾಠ ಹಿಂಗ ಶುರು ಮಾಡ್ರಿ. ಮೊದಲ ಹಳೇ ಪೆಟ್ಟಿಗೀನ ಸಾಬೂನು ನೀರಿನ್ಯಾಗ ತೊಳದು ಬಿಸಲಾಗ ಒಣಗಸ್ರಿ, ಹಿಂದಿನ ಸಲದ ಉಚ್ಚಿ ವಾಸನಿ ಹೋಗಬೇಕು. ಫಿನೈಲ್ ಹಾಕಬ್ಯಾಡ್ರಿ, ಬೆಕ್ಕಿಗೆ ವಿಷ. ಮ್ಯಾಲಿನ ಅರ್ಧ ಮತ್ತ ಬಾಗ್ಲಾ ತಗದು, ಕೆಳಗಿನ ತಾಟಿನಂಥ ಭಾಗ ಅಷ್ಟ ಇಡ್ರಿ. ಅದರಾಗ ಬೆಕ್ಕು ದಿನಾ ಮಲಗೂ ಕೌದಿ ಚೂರು ಹಾಕ್ರಿ, ಹೊಸಾದು ಬ್ಯಾಡ, ತೊಳದದ್ದೂ ಬ್ಯಾಡ. ಊಟದ ಬಟ್ಟಲಾ ಮೊದಲ ಬಾಜೂಕ, ಎರಡು ದಿನದ ಮ್ಯಾಲ ಅಂಚಿಗೆ, ಆಮ್ಯಾಲ ಒಳಗ. ಒಳಗ ಕುಂತು ಆರಾಮ ತಿನ್ನಾಕ ಹತ್ತಿದ ಮ್ಯಾಲ ಮ್ಯಾಲಿನ ಅರ್ಧ ಕೂಡಸ್ರಿ. ಮತ್ತೆರಡು ದಿನಾ ಬಿಟ್ಟು ಬಾಗ್ಲಾ ಹಾಕ್ರಿ, ಮುಚ್ಚಬ್ಯಾಡ್ರಿ. ಆಮ್ಯಾಲ 5 ಸೆಕೆಂಡು ಮುಚ್ಚಿ ತಗೀರಿ, ಹಂಗ ಒಂದು ನಿಮಿಷದ ತನಕಾ ಒಯ್ರಿ. ಕಡೀಕ ಎತ್ತಿ ನಾಕು ಹೆಜ್ಜಿ ನಡದು ಇಳಸ್ರಿ. ಪ್ರತಿ ಹಂತಕ್ಕೂ ಬೇಯಿಸಿದ ಕೋಳಿ ಚೂರು, ಕಡ್ಲಿಕಾಳಿನಷ್ಟು. ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿ ಬೇಯಿಸಿದ್ದು ಬ್ಯಾಡ, ಬೆಕ್ಕಿನ ರಕ್ತಾ ಕೆಡಸ್ತಾವು.

ಯಾವ ಹಂತದಾಗ ಬೆಕ್ಕು ತಿನ್ನೂದು ಬಿಡ್ತದೋ ಅಲ್ಲಿಂದ ಒಂದು ಹಂತ ಹಿಂದ ಬರ್ರಿ. ಬಹಳಷ್ಟು ಮಂದಿ ತಪ್ಪೂದು ಇಲ್ಲೇ: ಎರಡನೇ ದಿನಾ ಒಳಗ ಹೋತು ಅಂತ ಖುಷಿಲೆ ಬಾಗ್ಲಾ ಹಾಕಿಬಿಡ್ತಾರ, ಮತ್ತ ಮೊದಲಿಂದ ಶುರು. ಎರಡು-ಮೂರು ವಾರ ಅಂತ ಲೆಕ್ಕಾ ಇಟ್ಕೊಳ್ರಿ. ಹಠಮಾರಿ ಬೆಕ್ಕಿಗೆ ತಿಂಗಳು.

ಹಳೇ_ಹುಬ್ಬಳ್ಳಿಯಾಂವ

ಇಷ್ಟೆಲ್ಲಾ ಯಾಕ್ರಿ? ಗೋಣಿಚೀಲದಾಗ ಹಾಕಿ ಬಾಯಿ ಕಟ್ಟಿ ಒಯ್ತಾರ. ಇಲ್ಲಾಂದ್ರ ಕುತ್ತಿಗಿ ಹಿಂದಿನ ತೊಗಲು ಹಿಡದು ಎತ್ತಿದ್ರ ಸುಮ್ಮ ಆಗ್ತದ, ತಾಯಿ ಬೆಕ್ಕು ಹಂಗ ಎತ್ತೂದಿಲ್ಲೇನು?

ಪಶುವೈದ್ಯ_ಗದಗ

ಅಣ್ಣಾ, ತಾಯಿ ಎತ್ತೋದು ಕೆಲವೇ ವಾರದ, ಅಂಗೈಯಲ್ಲಿ ಹಿಡಿಯುವಷ್ಟು ಮರಿಯನ್ನ. 4 ಕೆಜಿ ಬೆಕ್ಕನ್ನ ತೊಗಲಿನಿಂದ ತೂಗು ಹಾಕಿದರೆ ಅದಕ್ಕೆ ನೋವಾಗ್ತದೆ. ಸುಮ್ಮನಾಗ್ತದೆ ಅಂತೀರಲ್ಲ, ಅದು ಸಮಾಧಾನ ಅಲ್ಲ. ತಪ್ಪಿಸಿಕೊಳ್ಳೋ ದಾರಿ ಇಲ್ಲ ಅಂತ ಮರಗಟ್ಟಿರ್ತದೆ. ಎದೆ ಮೇಲೆ ಕೈ ಇಟ್ಟರೆ ಗೊತ್ತಾಗ್ತದೆ ಎಷ್ಟು ಜೋರು ಬಡಿತಾ ಇರ್ತದೆ ಅಂತ. ಕೈ ಸಡಿಲಾದ ಕ್ಷಣ ತಿರುಗಿ ಬೀಳ್ತದೆ. 2022ರಲ್ಲಿ ಬಂದ ಬೆಕ್ಕು ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೀಗೆ ಹಿಡಿಯೋದು ಬೇಡ ಅಂತಲೇ ಹೇಳ್ತದೆ.

ಗೋಣಿಚೀಲದ ತೊಂದರೆ ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಧಗೆ ಏರ್ತದೆ, ಬೆವರಿ ತಂಪಾಗೋ ಶಕ್ತಿ ಬೆಕ್ಕಿಗೆ ಇಲ್ಲ ಅನ್ನಬಹುದು, ಪಾದದ ಅಡಿ ಮಾತ್ರ ಬೆವರ್ತದೆ. ಬಾಯಿ ತೆರೆದು ನಾಯಿಯ ಹಾಗೆ ತೇಕೋ ಬೆಕ್ಕು ಅಪಾಯದಲ್ಲಿದೆ ಅಂತಲೇ ತಿಳೀರಿ. ಮತ್ತೆ ಚೀಲದಿಂದ ಹೊರಗೆ ತೆಗೆಯೋರು ಯಾರು? ಚೀಲ ಬಿಚ್ಚಿದ ಕೂಡಲೇ ಅದು ದವಾಖಾನೆಯ ಗೋಡೆ ಏರ್ತದೆ, ಆಮೇಲೆ ಪರೀಕ್ಷೆ ಆಗೋದಿಲ್ಲ, ಬರೀ ಸೂಜಿ ಚುಚ್ಚಿ ಕಳಿಸಬೇಕಾಗ್ತದೆ. ಹೀಗೆ ಒಂದು ಸಲ ಆದರೆ ಮುಂದಿನ ಐದು ಸಲ ಕೆಡ್ತವೆ.

ಹಳೇ_ಹುಬ್ಬಳ್ಳಿಯಾಂವ

ಹೌದ್ರಿ ಸರ್, ಸಮಜ ಆತು. ಹಂಗಾದ್ರ ಪೆಟ್ಟಿಗಿ ಪಾಠಕ್ಕ ವ್ಯಾಳೆ ಇಲ್ಲದಾಗ, ಇವತ್ತ ಒಯ್ಯಬೇಕಂದ್ರ ಹೆಂಗ ಹಿಡೀಬೇಕು?

ಉಣಕಲ್_ಕೆರೀ_ದಂಡಿ

ಟವೆಲ್ ಸುತ್ತು ಕಲೀರಿ. ದಪ್ಪನ್ನ ಸ್ನಾನದ ಟವೆಲ್ ಬೇಕು, ತೆಳ್ಳನ್ನ ಪಂಜಿ ನಡಿಯೂದಿಲ್ಲ, ಉಗುರು ದಾಟಿ ಬರ್ತಾವು.

ಮೊದಲ ಜಾಗಾ ಸಣ್ಣದು ಮಾಡ್ಕೊಳ್ರಿ. ಹಿಂದಿನ ರಾತ್ರೀನ ಪಲ್ಲಂಗ, ತಿಜೋರಿ, ಫ್ರಿಜ್ಜಿನ ಹಿಂದ ಮುಂದ ಎಲ್ಲಾ ದಿಂಬು, ರಟ್ಟು ಇಟ್ಟು ಮುಚ್ರಿ. ಪೆಟ್ಟಿಗಿ ಇಟ್ಟ ಸಣ್ಣ ಖೋಲಿಯೊಳಗ ಬೆಕ್ಕಿಗೆ ಊಟಾ ಹಾಕಿ ಬಾಗ್ಲಾ ಮುಂದ ಮಾಡ್ರಿ. ಕೋಲು ಹಾಕಿ ತಿವಿದು ಹೊರಡಿಸೂದು ಬ್ಯಾಡ.

ಹಿಡಿಯೂ ಮುಂದ ಎದುರಿಗೆ ನಿಂತು ಕಣ್ಣಾಗ ಕಣ್ಣು ಇಟ್ಟು ನೋಡಬ್ಯಾಡ್ರಿ. ಬಾಜೂಕ ಕುಕ್ಕರಗಾಲಲೆ ಕುಂದ್ರಿ. ಟವೆಲ್ಲನ್ನ ಎರಡೂ ಕೈಯಿಂದ ಅಗಲ ಹಿಡದು, ಹಿಂದಿನಿಂದ, ಬೆನ್ನ ಮ್ಯಾಲ ಹಗೂರ್ಕ ಹೊಚ್ರಿ. ತಲಿ ಮುಚ್ಚಿದ್ರೂ ನಡೀತದ, ಕತ್ತಲಾದ್ರ ಭಾಳ ಬೆಕ್ಕು ಕೂತುಬಿಡ್ತಾವು. ಅಂಗೈ ಎರಡೂ ಭುಜದ ಮ್ಯಾಲ ಬರಬೇಕು, ಕೆಳಗ ಒತ್ತಬ್ಯಾಡ್ರಿ, ಬರೇ ಗ್ವಾಡಿ ಹಂಗ ನಿಲ್ಲಬೇಕು. ಈಗ ಟವೆಲ್ಲಿನ ಬಲಗಡೆ ಅಂಚನ್ನ ಎದಿ ಕೆಳಗಿಂದ ತಂದು ಎಡಕ್ಕ ಸುತ್ರಿ, ಮುಂಗಾಲು ಎರಡೂ ಒಳಗ ಮಡಿಚಿ ಬಂದಾವು ನೋಡ್ರಿ. ಎಡಗಡೆ ಅಂಚು ಅದರ ಮ್ಯಾಲ. ಹಿಂದಿನ ಅಂಚು ಕುಂಡಿ ಕೆಳಗ ಮಡಚ್ರಿ. ಕೊಳ್ಳಿನ ಹತ್ತರ ಎರಡು ಬೆರಳು ಹೋಗೂವಷ್ಟು ಸಡ್ಲ ಇರಬೇಕು. ಒಂದು ಕೈ ಎದಿ ಕೆಳಗ, ಇನ್ನೊಂದು ಹಿಂಭಾಗಕ್ಕ, ನಿಮ್ಮ ಹೊಟ್ಟಿಗೆ ಆನಿಸಿ ಎತ್ರಿ.

ಪೆಟ್ಟಿಗೀನ ಬಾಗ್ಲಾ ಮ್ಯಾಲ ಬರೂವಂಗ ನಿಲ್ಲಸ್ರಿ, ಹಿಂಗಾಲು ಮೊದಲ ಇಳಸ್ರಿ, ಟವೆಲ್ ಸಮೇತ. ತಲಿ ಮೊದಲ ಇಳಿಸಿದ್ರ ನಾಕೂ ಕಾಲು ಅಂಚಿಗೆ ಕೊಟ್ಟು ನಿಂತುಬಿಡ್ತದ, ಅಲ್ಲೇ ಪರಚೂದು. ಟವೆಲ್ ಒಳಗ ಇರಲಿ, ಆಮ್ಯಾಲ ಡಾಕ್ಟರೂ ಅದನ್ನ ಬಳಸ್ತಾರ.

ಒಂದು ಮಾತು: ಮೊದಲ ಸಲ ತಪ್ಪಿಸಿಕೊಂಡ್ರ ಬೆನ್ನಟ್ಟಬ್ಯಾಡ್ರಿ. ಅರ್ಧಾ ತಾಸು ಬಿಡ್ರಿ. ತುರ್ತು ಇರಲಿಲ್ಲಂದ್ರ ಆ ದಿನದ ಅಪಾಯಿಂಟ್‌ಮೆಂಟ್ ಮುಂದ ಹಾಕ್ರಿ.

ಸಪ್ತಾಪುರದಾಕಿ

ಎಲ್ಲಾರಿಗೂ ಧನ್ಯವಾದ್ರಿ. ಬಾಲದ ತುದಿ ಮಾತು ಖರೇನ ಅದ, ಈಗ ನೋಡಿದ್ರ ಕಾಣಸ್ತದ. ಗುಳಿಗಿ ಮಾತು ಉಳೀತು. ಮನುಷ್ಯಾರ ನಿದ್ದಿ ಗುಳಿಗಿ ಕಾಲು ಭಾಗ ಕೊಡಬಹುದಂತ ಯಾರೋ ಅಂದ್ರು.

ಔಷಧಿ_ಅಂಗಡಿ_ಹಾವೇರಿ

ಬ್ಯಾಡ್ರಿ ಅಕ್ಕಾ, ಖಂಡಿತ ಬ್ಯಾಡ. ಮನ್ಯಾಗಿನ ಡಬ್ಬಿಯಿಂದ ಯಾವುದನ್ನೂ ಕೊಡಬ್ಯಾಡ್ರಿ. ಪ್ಯಾರಾಸಿಟಮಾಲ್ ಅಂತೂ ಒಂದ ಗುಳಿಗಿ ಸಾಕು ಬೆಕ್ಕಿನ ಜೀವಾ ತಗ್ಯಾಕ, ಅದನ್ನ ಕರಗಿಸೂ ಶಕ್ತಿ ಅದರ ಯಕೃತ್ತಿಗೆ ಇಲ್ಲ. ನಾಯಿಗೆ ಹಾಕೂ ಪರ್ಮೆಥ್ರಿನ್ ಚಿಗಟದ ಔಷಧಿನೂ ಹಂಗ, ಬೆಕ್ಕಿಗೆ ಫಿಟ್ಸ್ ಬರ್ತಾವು.

ದವಾಖಾನಿಗೆ ಒಯ್ಯೂ ಮುಂದ ಪಶುವೈದ್ಯರು ಸಾಮಾನ್ಯವಾಗಿ ಬರೆಯೂದು ಗ್ಯಾಬಾಪೆಂಟಿನ್. ಅದು ಚೀಟಿ ಇಲ್ಲದ ಕೊಡೂ ಔಷಧಿ ಅಲ್ಲ. ಅಂಗಡಿಗೆ ಬಂದಾಗ ಒಂದು ತಪ್ಪು ಭಾಳ ಆಗ್ತೈತಿ, ಅದಕ್ಕ ಇದನ್ನ ಬರ್ಯಾಕತ್ತೀನಿ. ನಮ್ಮ ಕಡೆ ಗ್ಯಾಬಾಪೆಂಟಿನ್ ಅಂದ್ರ ನರದ ನೋವಿಗೆ ಕೊಡೂ ಜೋಡಿ ಗುಳಿಗಿನ ಹೆಚ್ಚು ಸಿಗ್ತಾವು: ಒಂದರಾಗ ಮೀಥೈಲ್‌ಕೋಬಾಲಮಿನ್ (ಬಿ12 ಜೀವಸತ್ವ) ಕೂಡಿರ್ತೈತಿ, ಇನ್ನೊಂದರಾಗ ನಾರ್ಟ್ರಿಪ್ಟಿಲಿನ್ (ಖಿನ್ನತೆಗೆ ಕೊಡೂ ಔಷಧಿ). ಹೆಸರಿನ ಮೊದಲ ಭಾಗ ಒಂದ ಇರ್ತೈತಿ, ಮುಂದ ಸಣ್ಣ ಅಕ್ಷರದಾಗ ಎರಡನೇದು. ನಾರ್ಟ್ರಿಪ್ಟಿಲಿನ್ ಕೂಡಿದ್ದು ಬೆಕ್ಕಿಗೆ ಹೋಗಬಾರದು. ಪಟ್ಟಿ ಹಿಂದಿನ ಭಾಗಾ ಓದ್ರಿ, "ಗ್ಯಾಬಾಪೆಂಟಿನ್ 100 ಮಿ.ಗ್ರಾಂ" ಅಷ್ಟ ಇರಬೇಕು, ಮತ್ತೇನೂ ಇರಬಾರದು. 100ರ ಕ್ಯಾಪ್ಸೂಲು ಇಲ್ಲಂದ್ರ 300ರದ್ದು ಬಿಚ್ಚಿ ಅಂದಾಜಿಲೆ ಮೂರು ಪಾಲು ಮಾಡಬ್ಯಾಡ್ರಿ, ಎರಡು ದಿನಾ ತಡ ಆದ್ರೂ ತರಿಸಿಕೊಳ್ರಿ. ಮನುಷ್ಯಾರ ಸಿರಪ್ಪೂ ಬ್ಯಾಡ, ಅದರಾಗ ಸಿಹಿಗೆ ಏನೇನೋ ಹಾಕಿರ್ತಾರ.

ಪಶುವೈದ್ಯ_ಗದಗ

ಇವರು ಹೇಳಿದ್ದು ಅಕ್ಷರಶಃ ಸರಿ. ಪ್ರಮಾಣದ ಬಗ್ಗೆ: ಆರೋಗ್ಯವಂತ ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ ಬರೆಯೋದು 50ರಿಂದ 100 ಮಿ.ಗ್ರಾಂ, ಮನೆ ಬಿಡೋದಕ್ಕೆ 2-3 ಗಂಟೆ ಮೊದಲು, ಒಂದೇ ಸಲ. ಮೂತ್ರಪಿಂಡದ ತೊಂದರೆ ಇದ್ದರೆ ಕಡಿಮೆ ಮಾಡಬೇಕು, ಮುದಿ ಬೆಕ್ಕಿಗೂ ಹಾಗೆಯೇ. ನಿಮ್ಮ ಬೆಕ್ಕಿಗೆ ಎಷ್ಟು ಅನ್ನೋದು ಅದನ್ನ ನೋಡಿದ ವೈದ್ಯರು ಬರೆಯಬೇಕು. ಈ ಸಂಖ್ಯೆ ಇಲ್ಲಿ ಕೊಟ್ಟದ್ದು ಚೀಟಿ ನೋಡಿದಾಗ ನಿಮಗೆ ಗಾಬರಿ ಆಗಬಾರದು ಅಂತ.

ಪುಡಿ ಕಹಿ. ಕ್ಯಾಪ್ಸೂಲು ಬಿಚ್ಚಿ ಒಂದು ಚಮಚ ಹಸಿ ಆಹಾರಕ್ಕೋ ಟ್ಯೂಬಿನ ಪೇಸ್ಟಿಗೋ ಕಲೆಸಿರಿ. ತಟ್ಟೆ ತುಂಬಾ ಊಟಕ್ಕೆ ಕಲೆಸಿದರೆ ಅರ್ಧ ತಿಂದು ಬಿಡ್ತದೆ, ಎಷ್ಟು ಹೋಯ್ತು ಗೊತ್ತಾಗೋದಿಲ್ಲ. ಮೊದಲು ಔಷಧಿ ಇಲ್ಲದ ಅರ್ಧ ಚಮಚ ಕೊಡ್ರಿ, ಆಮೇಲೆ ಔಷಧಿಯದ್ದು. ಕೊಟ್ಟ ಮೇಲೆ ನಡಿಗೆ ತೂರಾಡ್ತದೆ, ಕೆಲವಕ್ಕೆ ಜೊಲ್ಲು ಬರ್ತದೆ, ಅಪರೂಪಕ್ಕೆ ವಾಂತಿ. ಸಾಧಾರಣ 8 ಗಂಟೆಯಲ್ಲಿ ಇಳೀತದೆ. ಅಲ್ಲಿತನಕ ಮಾಳಿಗೆ, ಮೆಟ್ಟಿಲು, ಎತ್ತರದ ಕಪಾಟು ಬಂದ್. ರಜೆಯ ದಿನ ಮನೆಯಲ್ಲೇ ಒಮ್ಮೆ ಕೊಟ್ಟು ನೋಡಿ ಅಂತ ನಿಮ್ಮ ವೈದ್ಯರು ಹೇಳಬಹುದು. ಹೇಳಿದರೆ ಮಾಡ್ರಿ, ಬೆಕ್ಕಿಗೆ ಅದು ಎಷ್ಟು ತಾಗ್ತದೆ ಅಂತ ಮೊದಲೇ ತಿಳೀತದೆ.

ಮುಖ್ಯವಾದದ್ದು ಹೊತ್ತು. ಬೆಕ್ಕು ಒಮ್ಮೆ ಸಿಡಿದ ಮೇಲೆ ಕೊಟ್ಟರೆ ಕೆಲಸ ಮಾಡೋದು ಬಹಳ ಕಡಿಮೆ. ಪೆಟ್ಟಿಗೆ ತೋರಿಸೋದಕ್ಕೂ ಮೊದಲೇ ಹೊಟ್ಟೆಗೆ ಹೋಗಿರಬೇಕು. ಮತ್ತೆ ದವಾಖಾನೆಯಲ್ಲಿ "ಇಷ್ಟು ಹೊತ್ತಿಗೆ ಇಷ್ಟು ಕೊಟ್ಟಿದೆ" ಅಂತ ಮರೆಯದೆ ಹೇಳಬೇಕು, ಮೇಲೆ ಮಂಪರಿನ ಇಂಜೆಕ್ಷನ್ ಬೇಕಾದರೆ ಆ ಲೆಕ್ಕ ಬೇಕಾಗ್ತದೆ. ಮಂಪರು ಕೊಡೋದು ಖಾತ್ರಿ ಇದ್ದರೆ ಎಷ್ಟು ತಾಸು ಉಪವಾಸ ಅಂತ ಮೊದಲೇ ಕೇಳಿಕೊಳ್ರಿ, ಔಷಧಿಗೆ ಬೇಕಾದ ಒಂದು ಚಮಚ ಅದರೊಳಗೆ ನಡೀತದೋ ಇಲ್ಲೋ ಅನ್ನೋದನ್ನೂ.

ಕೇಶ್ವಾಪುರ_ಅಕ್ಕ

ಫೆಲಿವೇ ಸ್ಪ್ರೇ ಬಗ್ಗೆ ಯಾರೂ ಬರೀಲಿಲ್ಲ. ಬೆಕ್ಕು ಗಲ್ಲಾ ತಿಕ್ಕಿದಾಗ ಬಿಡೂ ವಾಸನಿಯ ನಕಲು ಅದು. ಪೆಟ್ಟಿಗಿ ಒಳಗಿನ ಬಟ್ಟಿಗೆ ಹೊಡದು 15 ನಿಮಿಷ ಬಿಟ್ಟು ಆಮ್ಯಾಲ ಬೆಕ್ಕನ್ನ ಬಿಡಬೇಕು, ಯಾಕಂದ್ರ ಅದರಾಗಿನ ಸ್ಪಿರಿಟ್ ವಾಸನಿ ಹಾರಬೇಕು. ಬೆಕ್ಕಿನ ಮ್ಯಾಲ ಹೊಡಿಯೂದಲ್ಲ. ಕೆಲವಕ್ಕ ಚಲೋ ತಾಗ್ತದ, ಕೆಲವಕ್ಕ ಏನೂ ಇಲ್ಲ. ದುಬಾರಿ ಅನಿಸಿದ್ರ ಬಿಡ್ರಿ, ಆದ್ರ ಗಲ್ಲಾ ತಿಕ್ಕಿದ ಹಳೇ ಬಟ್ಟಿ ಮಾತ್ರ ಮರೀಬ್ಯಾಡ್ರಿ, ಅದು ಪುಕ್ಕಟೆ.

ಗೋಕುಲ_ರೋಡ್_ಬಾಜೂಕ

ಒಯ್ಯೂ ದಿನದ್ದು. ಬೈಕ್ ಬ್ಯಾಡ. ಪೆಟ್ಟಿಗಿ ಅಲುಗಾಡ್ತದ, ಲಾರಿ ಹಾರ್ನ್ ನೇರ ಕಿವಿಗೆ. ಆಟೋ ಅಥವಾ ಕಾರು. ಆಟೋದಾಗ ಸೀಟಿನ ಮ್ಯಾಲ ಇಡಬ್ಯಾಡ್ರಿ, ಬ್ರೇಕ್ ಹಾಕಿದ್ರ ಜಾರ್ತದ. ತೊಡಿ ಮ್ಯಾಲ ಎರಡೂ ಕೈಲೆ ಅಪ್ಪಿಕೊಂಡು ಕುಂದ್ರಿ. ಕಾರಿನ್ಯಾಗ ಮುಂದಿನ ಸೀಟಿನ ಹಿಂದ, ಕಾಲಿಡೂ ಜಾಗದಾಗ. ಹಿಡಿಕಿ ಹಿಡದು ತೂಗಾಡಿಸಿಕೊಂಡು ನಡಿಯೂದಕ್ಕಿಂತ ತಳಕ್ಕ ಕೈ ಕೊಟ್ಟು ಎತ್ರಿ. ಮ್ಯಾಲ ಮೂರು ಬಾಜೂ ಬಟ್ಟಿ ಹೊಚ್ಚಿ, ಗಾಳಿಗೆ ಒಂದು ಬಾಜೂ ಬಿಡ್ರಿ. ಹುಬ್ಬಳ್ಳಿ-ಧಾರವಾಡ 20 ಕಿ.ಮೀ. ದಾರಿ ಬಿಸಲಾಗ ಹೋಗೂದಿದ್ರ ಮುಂಜಾನಿ ಮೊದಲ ಪಾಳಿ ಕೇಳ್ರಿ. ಗಣಪತಿ ಮೆರವಣಿಗಿ, ದೀಪಾವಳಿ ದಿನಗಳಾಗ ತುರ್ತಿಲ್ಲಂದ್ರ ಹೋಗಬ್ಯಾಡ್ರಿ, ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಕಡೆ ಸಿಕ್ಕಿಬಿದ್ರ ಅಷ್ಟ.

ಪಶು ಆಸ್ಪತ್ರ್ಯಾಗ ಆಕಳಾ, ಆಡು, ನಾಯಿ ಎಲ್ಲಾ ಒಂದ ಅಂಗಳದಾಗ ಇರ್ತಾವು. ಒಬ್ರು ಒಳಗ ಹೋಗಿ ಹೆಸರು ಬರಸ್ರಿ, ಇನ್ನೊಬ್ರು ಪಾಳಿ ಬರೂತನಕಾ ಬೆಕ್ಕಿನ ಜೋಡಿ ಗಾಡ್ಯಾಗ, ನೆರಳಾಗ ಇರ್ರಿ. ಒಳಗ ಕಾಯೂದ ಆದ್ರ ಪೆಟ್ಟಿಗಿ ನೆಲಕ್ಕ ಇಡಬ್ಯಾಡ್ರಿ, ಕುರ್ಚಿ ಮ್ಯಾಲ ಇಡ್ರಿ, ಬಾಗ್ಲಾ ಗ್ವಾಡಿ ಕಡೆ.

ಪಶುವೈದ್ಯ_ಗದಗ

ಒಳಗೆ ಹೋದ ಮೇಲೆ ನೀವು ವೈದ್ಯರನ್ನ ಕೇಳಬಹುದಾದದ್ದು. ಕೇಳೋದು ತಪ್ಪಲ್ಲ, ಸಂಕೋಚ ಬೇಡ.

ಪೆಟ್ಟಿಗೆ ಬಾಗಿಸಿ ಬೆಕ್ಕನ್ನ ಮೇಜಿನ ಮೇಲೆ ಸುರಿಯೋದು ಬೇಡ. ಕೋಣೆಯ ಬಾಗಿಲು, ಕಿಟಕಿ ಹಾಕಿಸಿ, ಫ್ಯಾನ್ ಸದ್ದು ಜೋರಿದ್ದರೆ ನಿಲ್ಲಿಸಿ. ಮೇಲಿನ ಅರ್ಧ ಬಿಚ್ಚುತ್ತಾ, ಅದೇ ಹೊತ್ತಿಗೆ ಟವೆಲ್ ಒಳಗೆ ಸರಿಸಬೇಕು, ಬೆಕ್ಕಿಗೆ ಬಯಲಾದಂತೆ ಅನ್ನಿಸಬಾರದು. ಕೆಳಗಿನ ಅರ್ಧದಲ್ಲಿ ಕೂತಿದ್ದಂತೆಯೇ ಎದೆ ಬಡಿತ ಕೇಳಬಹುದು, ಹೊಟ್ಟೆ ಮುಟ್ಟಿ ನೋಡಬಹುದು, ಲಸಿಕೆ ಹಾಕಬಹುದು. ರೇಬಿಸ್ ಲಸಿಕೆ ಹಿಂಗಾಲಿನ ಕೆಳಭಾಗಕ್ಕೆ ಹಾಕೋದರಿಂದ ತಲೆ ಟವೆಲ್ಲಿನೊಳಗೇ ಇದ್ದರೆ ಸಾಕು. ಗುದದಲ್ಲಿ ಥರ್ಮಾಮೀಟರ್ ಕೊನೆಗೆ. ಬೆಕ್ಕಿನ ಸಹಜ ಉಷ್ಣ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂಜಿದ್ದರೆ ತುಸು ಏರಿರ್ತದೆ. ರಕ್ತದ ಸಕ್ಕರೆಯೂ ಅಂಜಿಕೆಗೆ ಏರ್ತದೆ. ಕಿತ್ತಾಡಿದ ಬೆಕ್ಕಿನ ಒಂದೇ ಪರೀಕ್ಷೆ ನೋಡಿ ಸಕ್ಕರೆ ಕಾಯಿಲೆ ಅನ್ನಬಾರದು.

ನೀವು ಮಾತಾಡ್ತಾ ಇರ್ರಿ, ಸಣ್ಣ ದನಿಯಲ್ಲಿ. "ಶ್ ಶ್" ಅನ್ನಬೇಡ್ರಿ, ಬೆಕ್ಕಿನ ಭಾಷೆಯಲ್ಲಿ ಅದು ಬುಸುಗುಟ್ಟಿದ ಹಾಗೆ. ಹಿಡಿಯೋದನ್ನ ಸಿಬ್ಬಂದಿಗೆ ಬಿಡ್ರಿ. ಅಂಜಿದ ಬೆಕ್ಕು ಯಜಮಾನಿಯನ್ನೂ ಕಡೀತದೆ. ಎರಡು ನಿಮಿಷ ಹಿಡಿದರೂ ಹೊಯ್ದಾಡ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಮಂಪರಿನ ಇಂಜೆಕ್ಷನ್ ಅಥವಾ ಇನ್ನೊಂದು ದಿನ, ಇವೆರಡರಲ್ಲಿ ಒಂದು ಆರಿಸಬೇಕು. ನಾಲ್ಕು ಮಂದಿ ಸೇರಿ ಅದುಮಿ ಹಿಡಿಯೋದು ವೈದ್ಯಕೀಯ ಅಲ್ಲ.

ನವನಗರ_ನರ್ಸ್

ಕಡಿಸಿಕೊಂಡವರ ಬಗ್ಗೆ ನಾ ಹೇಳ್ತೀನಿ, ಎಲ್ಲಾರೂ ಬೆಕ್ಕಿನ ಬಗ್ಗೇನ ಬರೀಲಿಕ್ಕತ್ತೀರಿ. ಬೆಕ್ಕಿನ ಹಲ್ಲು ಸೂಜಿ ಇದ್ದಂಗ, ಮ್ಯಾಲ ಸಣ್ಣ ತೂತು, ಒಳಗ ಆಳ. ಬೆರಳಿನ ಸಂದು, ಮಣಿಕಟ್ಟಿಗೆ ಕಡದಿದ್ರ ಒಂದು ದಿನದೊಳಗ ಕೆಂಪಗಾಗಿ ಬಾತು, ಮಡಚಲಿಕ್ಕೆ ಬರದಂಗ ಆಗ್ತದ. ಅಂಥಾದ್ದಕ್ಕ ಬಾತ ಮ್ಯಾಲ ಅಲ್ಲ, ಬಾವು ಬರೂ ಮೊದಲ ಡಾಕ್ಟರ್ ಹತ್ರ ಹೋಗ್ರಿ.

ಕೂಡಲೇ ನಳದ ಕೆಳಗ ಸಾಬೂನು ಹಚ್ಚಿ 15 ನಿಮಿಷ ತೊಳೀರಿ, ಗಡಿಯಾರ ನೋಡಿ. ಅರಿಷಿಣ, ಸುಣ್ಣ, ಖಾರ, ಕಾಫಿಪುಡಿ ಹಚ್ಚಬ್ಯಾಡ್ರಿ. ಬಿಗಿಯಾಗಿ ಪಟ್ಟಿ ಕಟ್ಟಬ್ಯಾಡ್ರಿ. ರಕ್ತ ಬರೂವಂಗ ಕಡದಿದ್ರ ಅಥವಾ ಪರಚಿದ್ರ ಅದು ರೇಬಿಸ್ ಲೆಕ್ಕದಾಗ ಮೂರನೇ ದರ್ಜೆ (ಎಲ್ಲಕ್ಕಿಂತ ಗಂಭೀರ), ಲಸಿಕಿ ಜೋಡಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ನೂ (ತಯಾರು ಪ್ರತಿಕಾಯದ ಸೂಜಿ) ಬೇಕು. ತೊಗಲಿನೊಳಗ ಹಾಕೂ ಪದ್ಧತ್ಯಾಗ ಲಸಿಕಿ 0, 3, 7, 28ನೇ ದಿನ (0 ಅಂದ್ರ ಮೊದಲ ಸೂಜಿ ಹಾಕಿದ ದಿನ). ತೋಳಿನ ಸ್ನಾಯುವಿಗೆ ಹಾಕೂದಾದ್ರ 0, 3, 7, 14, 28. ಮೊದಲ ಪೂರ್ತಿ ಕೋರ್ಸ್ ತೊಗೊಂಡವ್ರಿಗೆ 0 ಮತ್ತ 3 ಸಾಕು, ಚೀಟಿ ಜ್ವಾಕಿ ಇಡ್ರಿ. ಹುಬ್ಬಳ್ಳಿ ಸರ್ಕಾರಿ ದೊಡ್ಡಾಸ್ಪತ್ರಿ (ಮೊದಲಿನ ಹೆಸರು ಕಿಮ್ಸ್), ಧಾರವಾಡ ಜಿಲ್ಲಾ ಆಸ್ಪತ್ರಿ ಎರಡೂ ಕಡೆ ತೋರಿಸಬಹುದು. ಸಪ್ತಾಪುರದ ಅಕ್ಕಾ, ನಿಮ್ಮ ಬೆಕ್ಕಿನ ಲಸಿಕಿ ತಾರೀಖು ದಾಟ್ಯದ ಅಂತೀರಿ, "ಮನೀ ಬೆಕ್ಕು, ಏನಾಗ್ತದ" ಅಂತ ಬಿಡಬ್ಯಾಡ್ರಿ, ಇತ್ತೀಚಿಗೆ ಕಡದಿದ್ರ ಇವತ್ತ ಹೋಗ್ರಿ.

ಸಪ್ತಾಪುರದಾಕಿ

ಆತ್ರಿ, ಇವತ್ತ ಹೋಗ್ತೀನಿ. ಕಡೀದೊಂದು. ಹಿಂದಿನ ಸಲ ದವಾಖಾನಿಯಿಂದ ಬಂದ ಮ್ಯಾಲ ನಮ್ಮ ಹೆಣ್ಣು ಬೆಕ್ಕು ಇದರ ಮ್ಯಾಲ ಬುಸುಗುಟ್ಟಿ ಎರಡೂ ಹೊಡದಾಡಿದ್ವು. ವರ್ಷಗಟ್ಟಲೆ ಕೂಡಿ ಇದ್ದಾವು. ಮತ್ತ ಮನಿಗೇ ಡಾಕ್ಟರ್ ಬಂದ್ರ ಈ ಎಲ್ಲಾ ತಾಪತ್ರಯ ತಪ್ಪೂದಿಲ್ಲೇನು?

ಪಶುವೈದ್ಯ_ಗದಗ

ಮನೆಗೆ ಕರೆಸೋದು ಬರೀ ಲಸಿಕೆಗಾದರೆ ಒಳ್ಳೆಯದೇ. ಆದರೆ ಅದಕ್ಕೂ ಸಣ್ಣ ಖೋಲಿ, ಟವೆಲ್, ಮೊದಲೇ ಕೊಟ್ಟ ಗುಳಿಗೆ ಎಲ್ಲಾ ಬೇಕೇ ಬೇಕು. ಬೆಕ್ಕು ಮಲಗೋ ಜಾಗದಲ್ಲಿ, ಉಣ್ಣೋ ಜಾಗದಲ್ಲಿ ಸೂಜಿ ಹಾಕಿಸಬೇಡ್ರಿ, ಆಮೇಲೆ ಮನೆಯಲ್ಲೂ ನೆಮ್ಮದಿ ಇರೋದಿಲ್ಲ. ಹಲ್ಲು ನೋಡೋದು, ಎಕ್ಸ್‌ರೇ, ಮಂಪರು ಬೇಕಾದ ಕೆಲಸ ಮನೆಯಲ್ಲಿ ಆಗದು. ಹಾಗಾಗಿ ಪೆಟ್ಟಿಗೆ ಪಾಠ ಹೇಗಿದ್ದರೂ ಮಾಡಿಸಿಡ್ರಿ.

ಕೇಶ್ವಾಪುರ_ಅಕ್ಕ

ಎರಡು ಬೆಕ್ಕಿನ ಜಗಳ ವಾಸನಿಗೆ ಆದದ್ದು. ದವಾಖಾನಿ ವಾಸನಿ ಹೊತ್ತು ಬಂದದ್ದು ಹೆಣ್ಣು ಬೆಕ್ಕಿನ ಲೆಕ್ಕದಾಗ ಯಾವುದೋ ಪರದೇಶಿ. ಬೆಕ್ಕು ಕಣ್ಣಿಗಿಂತ ಮೂಗಿನಿಂದ ಗುರ್ತು ಹಿಡೀತದ.

ಬಂದ ಕೂಡಲೇ ಪೆಟ್ಟಿಗಿ ಬಾಗ್ಲಾ ತಗೀಬ್ಯಾಡ್ರಿ. ಬ್ಯಾರೆ ಖೋಲಿಗೆ ಒಯ್ದು ಅಲ್ಲೆ ಬಿಡ್ರಿ. ನೀರು, ಉಸುಕಿನ ಟ್ರೇ, ಅದರದ ಕೌದಿ. ಕಮ್ಮಿ ಅಂದ್ರ ಒಂದು ದಿನ, ಗುಳಿಗಿ ಮಂಪರು ಪೂರ್ತಿ ಇಳಿಯೂ ತನಕಾ. ಅಷ್ಟರಾಗ ಅದು ತನ್ನ ಮೈ ನೆಕ್ಕಿಕೊಂಡು ವಾಸನಿ ತಗೀತದ. ಒಂದು ಕಾಲುಚೀಲ ತೊಗೊಂಡು ಹೆಣ್ಣು ಬೆಕ್ಕಿನ ಗಲ್ಲಕ್ಕ ತಿಕ್ಕಿ, ಅದನ್ನ ಗಂಡಿನ ಹಾಸಿಗಿ ಮ್ಯಾಲ ಹಾಕ್ರಿ. ಗಂಡಿನ ಗಲ್ಲಕ್ಕ ತಿಕ್ಕಿದ್ದು ಹೆಣ್ಣಿನ ಕಡೆ. ಮರುದಿನಾ ಮುಚ್ಚಿದ ಬಾಗ್ಲಾದ ಆಚೀಕೊಂದು ಈಚೀಕೊಂದು ಬಟ್ಟಲಾ ಇಟ್ಟು ಊಟಾ ಹಾಕ್ರಿ. ಎರಡೂ ಸುಮ್ಮ ತಿಂದ್ರ ಒಂದು ಬೊಟ್ಟಿನಷ್ಟು ಬಾಗ್ಲಾ ತಗೀರಿ. ಬುಸ್ ಅಂದ್ರ ಮತ್ತ ಮುಚ್ಚಿ ಅರ್ಧಾ ದಿನಾ ಬಿಡ್ರಿ. ಹೊಡದಾಟ ಹತ್ತಿಬಿಟ್ರ ನಡುವ ಕೈ ಹಾಕಬ್ಯಾಡ್ರಿ, ರಟ್ಟಿನ ಹಾಳಿ ಅಥವಾ ದಿಂಬು ಇಳಸ್ರಿ, ಯಾವುದು ಖೋಲಿ ಕಡೆ ಓಡ್ತದೋ ಆ ಬಾಗ್ಲಾ ಹಾಕ್ರಿ.

ಟ್ರೇ ಎಷ್ಟದಾವು ನಿಮ್ಮಲ್ಲೆ? ಎರಡು ಬೆಕ್ಕಿಗೆ ಮೂರು ಬೇಕು, ಬ್ಯಾರೆ ಬ್ಯಾರೆ ಜಾಗದಾಗ.

ಸಪ್ತಾಪುರದಾಕಿ

ಒಂದ ಅದ್ರಿ, ಹಿತ್ತಲ ಬಾಗಲ ಹತ್ರ.

ಕೇಶ್ವಾಪುರ_ಅಕ್ಕ

ಹಂಗಾದ್ರ ನಾಳೆ ಎರಡು ಅಗಲನ್ನ ಬೋಗೋಣಿ ತೊಗೊಂಡು ಬರ್ರಿ ತಂಗಿ, ಪ್ಲಾಸ್ಟಿಕ್ಕಿನವು ಸಾಕು, ಬೆಕ್ಕಿನ ಉದ್ದಕ್ಕಿಂತ ಒಂದೂವರೆ ಪಟ್ಟು ಇರಲಿ. ಒಂದು ಪಡಸಾಲಿ ಮೂಲಿಗೆ, ಒಂದು ಆ ಬ್ಯಾರೆ ಖೋಲಿಗೆ. ಪೆಟ್ಟಿಗಿ ಕೆಳಗಿನ ಅರ್ಧಾನೂ ಇವತ್ತ ರಾತ್ರೀನ ಇಳಿಸಿ ಇಡ್ರಿ, ಬೆಕ್ಕು ಹೊರಗಿದ್ದಾಗ, ಸಪ್ಪಳ ಆಗದಂಗ.